ಒಂದು ಗಾಡ್ಜಿಲಾ ನೋಡಿ ಅತ್ತವರ ಮಾತು ನಂಬಿ ಇನ್ನೊಂದಕ್ಕೆ ಟಿಕೆಟ್ ಕೊಳ್ಳಬೇಡಿ

ದೈತ್ಯಪ್ರಾಣಿಗಳ ಸಿನಿಮಾಕ್ಕೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವ ಯೋಚನೆಯಲ್ಲಿರುವವರು ಟಿಕೆಟ್ ಕಾದಿರಿಸುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರುತ್ತೇನೆ. 2024ರ ಮಾರ್ಚ್ 29, ಗುಡ್ ಫ್ರೈಡೇ ರಜೆಯ ದಿನ, ಎಪ್ಪತ್ತೆರಡು ವರ್ಷದ ಅಪ್ಪ, ಅಕ್ಕ ಮತ್ತು ಅವಳ ಐದು ವರ್ಷದ ಮಗನನ್ನು ಕರೆದುಕೊಂಡು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ಗೆ ಹೋಗಿ, ಅಂದೇ ತೆರೆಕಂಡ ‘ಗಾಡ್ಜಿಲಾ ಎಕ್ಸ್ ಕಾಂಗ್: ದಿ ನ್ಯೂ ಎಂಪೈರ್’ ಚಿತ್ರವನ್ನು ಅರ್ಧ ನೋಡಿ, ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿಂತಿರುಗಿದೆವು. ಚಿತ್ರ ಕೆಟ್ಟದ್ದೆಂದು ದೂರುವುದಕ್ಕೆ ಈ ಬರಹವಲ್ಲ. ನಮ್ಮ ಹಿಂದಿನ ಸಾಲಿನ ಹುಡುಗರು ಅದನ್ನು ಎಷ್ಟು ಮೆಚ್ಚಿದರೆಂಬುದಕ್ಕೆ ಅವರ ಶಿಳ್ಳೆಯೇ ಸಾಕ್ಷಿ. ನಾನು ಯಾವ ಪ್ರೇಕ್ಷಕರ ಮಾತನ್ನು ನಂಬಿ ಹೋಗಿದ್ದೆನೋ ಅವರು ನೋಡಿದ್ದು ಆ ಚಿತ್ರವನ್ನೇ ಅಲ್ಲ ಎಂಬುದು ಮಾತ್ರ ನನಗೆ ತಡವಾಗಿ ತಿಳಿಯಿತು.

ಗೊಂದಲ ಶುರುವಾದದ್ದು ಹದಿನೆಂಟು ದಿನ ಮೊದಲು. ಮಾರ್ಚ್ 11ರ ಬೆಳಗ್ಗೆ, ಕಾಫಿ ಕುಡಿಯುತ್ತ ಆಸ್ಕರ್ ಸುದ್ದಿ ನೋಡುವಾಗ, ಗಾಡ್ಜಿಲಾ ಚಿತ್ರವೊಂದಕ್ಕೆ ವಿಷುಯಲ್ ಎಫೆಕ್ಟ್ಸ್ ವಿಭಾಗದ ಪ್ರಶಸ್ತಿ ಬಂದದ್ದು ಕಂಡಿತು. ಜಪಾನಿನ ತಂಡದವರು ಕೈಯಲ್ಲಿ ಗಾಡ್ಜಿಲಾ ಬೊಂಬೆಗಳನ್ನು ಹಿಡಿದುಕೊಂಡೇ ವೇದಿಕೆ ಏರಿದ್ದರು. ಅದರ ಬೆನ್ನಿಗೇ ನನ್ನ ಫೋನಿಗೆ ಒಂದರ ಹಿಂದೊಂದರಂತೆ ಪ್ರೇಕ್ಷಕರ ಪ್ರತಿಕ್ರಿಯೆಯ ವಿಡಿಯೋಗಳು ಬರತೊಡಗಿದವು. ರಾಕ್ಷಸ ಪ್ರಾಣಿಯ ಸಿನಿಮಾ ನೋಡಿ ಅಳುತ್ತೇನೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ ಎಂದು ಒಬ್ಬಳು ಹೇಳಿದರೆ, ಯುದ್ಧದ ನಂತರದ ಬದುಕನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ಇತ್ತೀಚೆಗೆ ನೋಡಿಲ್ಲ ಎಂದು ಇನ್ನೊಬ್ಬ ಹೇಳುತ್ತಿದ್ದ. ಅಪ್ಪ ಸಾಗರದಲ್ಲಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವರು. ಹಿರೋಶಿಮಾ ಅಧ್ಯಾಯ ಬಂದಾಗ ಪುಸ್ತಕ ಮುಚ್ಚಿಟ್ಟು ಒಂದು ಪೀರಿಯಡ್ ಪೂರ್ತಿ ಮಾತನಾಡುತ್ತಿದ್ದರೆಂದು ಅವರ ಹಳೆಯ ವಿದ್ಯಾರ್ಥಿಗಳು ಈಗಲೂ ನೆನೆಯುತ್ತಾರೆ. ಇಂಥ ಸಿನಿಮಾ ಅವರಿಗೆ ತೋರಿಸದೆ ಇರುವುದು ಹೇಗೆ ಎಂದುಕೊಂಡೆ. ಅದೇ ವಾರ ಟಿಕೆಟ್ ಆ್ಯಪ್‌ನಲ್ಲಿ ‘ಗಾಡ್ಜಿಲಾ’ ಎಂಬ ಹೆಸರು ದೊಡ್ಡದಾಗಿ ಕಾಣಿಸಿಕೊಂಡಿತು. ಅದರ ಮುಂದಿನ ಅಕ್ಷರಗಳನ್ನು ಓದುವ ತಾಳ್ಮೆ ನನಗಿರಲಿಲ್ಲ.

ಗಾಡ್ಜಿಲಾ ಎಂಬ ಹೆಸರಿನಡಿ ಈಗ ಎರಡು ಬೇರೆ ಬೇರೆ ಸಂಸಾರಗಳಿವೆ ಎಂಬುದು ಅಭಿಮಾನಿಗಳಿಗೆ ಬಾಯಿಪಾಠ, ನನ್ನಂಥವರಿಗೆ ಗೊತ್ತಿರುವುದಿಲ್ಲ. ಪ್ರಾಣಿಯ ಮೂಲ ಒಡೆತನ ಜಪಾನಿನ ತೋಹೋ ಸಂಸ್ಥೆಯದು. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣಭರಿತ ಬೂದಿ ಜಪಾನಿನ ಮೀನುಗಾರಿಕಾ ದೋಣಿಯೊಂದರ ಮೇಲೆ ಸುರಿದು, ಅದರಲ್ಲಿದ್ದವರು ಕಾಯಿಲೆ ಬಿದ್ದರು. ಇಶಿರೋ ಹೋಂಡಾ ನಿರ್ದೇಶಿಸಿದ ಮೊದಲ ‘ಗಾಡ್ಜಿಲಾ’ ಅದೇ ವರ್ಷ ನವೆಂಬರ್ 3ರಂದು ಆ ಗಾಯ ಹಸಿಯಾಗಿರುವಾಗಲೇ ತೆರೆಗೆ ಬಂತು. ಬೆಂಕಿ ಹೊತ್ತಿದ ಟೋಕಿಯೋದ ಬೀದಿಯಲ್ಲಿ ಮಕ್ಕಳನ್ನು ತಬ್ಬಿಕೊಂಡ ತಾಯಿಯೊಬ್ಬಳು, ಇನ್ನೇನು ಅಪ್ಪನ ಬಳಿಗೆ ಹೋಗುತ್ತೇವೆ ಎಂದು ಅವರನ್ನು ಸಮಾಧಾನಪಡಿಸುವ ದೃಶ್ಯ ಅದರಲ್ಲಿದೆ. ಒಂಬತ್ತು ವರ್ಷದ ಹಿಂದಷ್ಟೇ ಬಾಂಬ್ ದಾಳಿಗಳನ್ನು ಕಂಡ ಜನ ಅದನ್ನು ಬರಿಯ ಮನರಂಜನೆಯಾಗಿ ನೋಡಿರಲಾರರು. ಆಸ್ಕರ್ ಪಡೆದ ‘ಗಾಡ್ಜಿಲಾ ಮೈನಸ್ ಒನ್’ ಇದೇ ಸಾಲಿನದು. ತಕಾಶಿ ಯಮಝಾಕಿ ನಿರ್ದೇಶಿಸಿದ ಈ ಚಿತ್ರ ಜಪಾನಿನಲ್ಲಿ 2023ರ ನವೆಂಬರ್ 3ರಂದು ಬಿಡುಗಡೆಯಾಗಿ, ಡಿಸೆಂಬರಿನಲ್ಲಿ ಅಮೆರಿಕ ತಲುಪಿ, ಫೆಬ್ರವರಿ 1ರ ಹೊತ್ತಿಗೆ ಅಲ್ಲಿನ ಚಿತ್ರಮಂದಿರಗಳಿಂದ ಇಳಿದೂ ಆಗಿತ್ತು.

ಇನ್ನೊಂದು ಸಂಸಾರ, ತೋಹೋದಿಂದ ಪರವಾನಗಿ ಪಡೆದು ಹಾಲಿವುಡ್ಡಿನ ಲೆಜೆಂಡರಿ ಸಂಸ್ಥೆ 2014ರಿಂದ ತೆಗೆಯುತ್ತಿರುವ ಸರಣಿ. ಅದರಲ್ಲಿ ಗಾಡ್ಜಿಲಾನೂ ಕಿಂಗ್ ಕಾಂಗ್ ಎಂಬ ದೈತ್ಯ ವಾನರನೂ ಒಂದೇ ಲೋಕದಲ್ಲಿದ್ದು, ಒಮ್ಮೆ ಪರಸ್ಪರ ಹೊಡೆದಾಡಿ ಇನ್ನೊಮ್ಮೆ ಜೊತೆಯಾಗಿ ಮೂರನೆಯವರನ್ನು ಹೊಡೆಯುತ್ತಾರೆ. ಆಡಮ್ ವಿಂಗಾರ್ಡ್ ನಿರ್ದೇಶನದ ‘ನ್ಯೂ ಎಂಪೈರ್’ ಈ ಸರಣಿಯ ಐದನೆಯ ಚಿತ್ರ. ಇದರಲ್ಲಿ ಗಾಡ್ಜಿಲಾ ರೋಮಿನ ಕೊಲೋಸಿಯಂ ಒಳಗೆ ಬೆಕ್ಕಿನಂತೆ ಮುದುಡಿ ಮಲಗುತ್ತದೆ, ಕಾಂಗ್‌ನ ಹುಳುಕು ಹಲ್ಲನ್ನು ಕಿತ್ತು ಹೊಸದನ್ನು ಕೂರಿಸಲಾಗುತ್ತದೆ. ಇದು ಕೊರತೆಯೇನಲ್ಲ, ತಮಾಷೆಯೂ ಹೌದು. ಆದರೆ ಯುದ್ಧದಲ್ಲಿ ಸಾಯದೆ ಬದುಕುಳಿದವನ ಅಪರಾಧಪ್ರಜ್ಞೆಯ ಕಥೆ ನೋಡಲು ಬಂದ ನಿವೃತ್ತ ಮೇಷ್ಟರಿಗೆ ಹಲ್ಲಿನ ವೈದ್ಯ ಎದುರಾದರೆ ಏನಾಗಬೇಕು?

ನಾನು ಕಾದಿರಿಸಿದ್ದು 3ಡಿ ಪ್ರದರ್ಶನ. ನಾಲ್ಕು ಟಿಕೆಟಿಗೆ, ತಿಂಡಿಗೆ, ಹೋಗಿಬರುವ ಕ್ಯಾಬಿಗೆ ಸೇರಿ ಮೂರು ಸಾವಿರ ರೂಪಾಯಿ ದಾಟಿತು. ಅಪ್ಪ ತಮ್ಮ ಕನ್ನಡಕದ ಮೇಲೆ 3ಡಿ ಕನ್ನಡಕ ಏರಿಸಿಕೊಂಡು ಎರಡನ್ನೂ ಒಂದು ಕೈಯಲ್ಲಿ ಹಿಡಿದುಕೊಂಡೇ ಕುಳಿತರು. ಚಿತ್ರ ಶುರುವಾಗಿ ಹತ್ತು ನಿಮಿಷದೊಳಗೆ, ಲೈಟು ಯಾಕೋ ಕಡಿಮೆಯಾಗಿದೆ ನೋಡು ಎಂದು ಪಿಸುಗುಟ್ಟಿದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. 2ಡಿ ಪ್ರದರ್ಶನಕ್ಕೆ ಪರದೆಯ ಮೇಲೆ 14 ಫುಟ್‌ಲ್ಯಾಂಬರ್ಟ್‌ನಷ್ಟು (ಇದು ಪರದೆಯ ಹೊಳಪನ್ನು ಅಳೆಯುವ ಮಾನ) ಬೆಳಕಿರಬೇಕೆಂಬುದು ಡಿಜಿಟಲ್ ಚಿತ್ರಮಂದಿರಗಳ ಮಾನದಂಡ. 3ಡಿಯಲ್ಲಿ ಕನ್ನಡಕವನ್ನು ದಾಟಿ ಕಣ್ಣಿಗೆ ಮುಟ್ಟುವ ಬೆಳಕು ಅದರ ಮೂರನೇ ಒಂದು ಭಾಗಕ್ಕೆ ಇಳಿಯುವುದು ಸಾಮಾನ್ಯ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಯಾದವರನ್ನೋ ದಪ್ಪ ಗಾಜಿನ ಕನ್ನಡಕದವರನ್ನೋ ಕರೆದೊಯ್ಯುವುದಿದ್ದರೆ 2ಡಿ ಪ್ರದರ್ಶನವನ್ನೇ ಹುಡುಕಿ. ಮೊದಲ ದಿನ ಅದು ಸಿಗದಿದ್ದರೆ ಎರಡು ದಿನ ಕಾಯಬಹುದು.

ಮಗುವಿನ ವಿಷಯದಲ್ಲಿ ನನ್ನ ತಪ್ಪು ಇದಕ್ಕಿಂತ ದೊಡ್ಡದು. ಅಮೆರಿಕದಲ್ಲಿ ಈ ಚಿತ್ರಕ್ಕೆ ಕೊಟ್ಟಿದ್ದು ಪಿಜಿ-13, ಅಂದರೆ ಹದಿಮೂರರ ಒಳಗಿನವರ ವಿಷಯದಲ್ಲಿ ಪೋಷಕರು ವಿಶೇಷ ಎಚ್ಚರ ವಹಿಸಬೇಕೆಂಬ ಸೂಚನೆ. ಮಗು ಐದು ವರ್ಷದ್ದು ಎಂದು ತಿಳಿದೂ, ಇದೇನು ಕೋತಿ ಮತ್ತು ಹಲ್ಲಿಯ ಸಿನಿಮಾ ತಾನೆ ಎಂಬ ಉಡಾಫೆಯಲ್ಲಿ ನಾನಿದ್ದೆ. ಆರಂಭದಲ್ಲೇ ಕಾಂಗ್ ತನ್ನನ್ನು ಅಟ್ಟಿಸಿಕೊಂಡು ಬಂದ ನಾಯಿಯಂಥ ಪ್ರಾಣಿಯೊಂದನ್ನು ಎರಡು ಕೈಯಲ್ಲಿ ಹಿಡಿದು ಸೀಳುತ್ತದೆ, ಹಸಿರು ದ್ರವ ಅದರ ಮೈಮೇಲೆಲ್ಲ ಸುರಿಯುತ್ತದೆ. “ಮಾಮಾ, ಅದಕ್ಕೆ ನೋವಾಯ್ತಾ?” ಎಂದು ಅವನು ಕೇಳಿದ. ಇಲ್ಲ, ಅದು ಸುಳ್ಳು ಪ್ರಾಣಿ ಎಂದೆ. ಅಲ್ಲಿಗೆ ಸುಮ್ಮನಾದ. ಸ್ವಲ್ಪ ಹೊತ್ತಿನಲ್ಲಿ ಸುಕೋ ಎಂಬ ಪುಟ್ಟ ವಾನರಮರಿ ಬಂದಾಗ ಅವನ ಮುಖ ಅರಳಿತು, ಕನ್ನಡಕ ಮೂಗಿನಿಂದ ಜಾರುತ್ತಿದ್ದರೂ ಸರಿಪಡಿಸಿಕೊಂಡು ನೋಡತೊಡಗಿದ. ಆಮೇಲೆ ಕಾದಾಟವೊಂದರಲ್ಲಿ ಕಾಂಗ್ ಅದೇ ಮರಿಯನ್ನು ಕಾಲು ಹಿಡಿದೆತ್ತಿ, ದೊಣ್ಣೆಯಂತೆ ಬೀಸಿ ಎದುರಾಳಿಗಳನ್ನು ಬಡಿಯುತ್ತದೆ. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಮ್ಮ ಹುಡುಗ, “ಅದು ಪಾಪು ಅಲ್ವಾ?” ಎಂದವನೇ ಅಕ್ಕನ ಸೆರಗಿನಲ್ಲಿ ಮುಖ ಹುದುಗಿಸಿ ಅಳಲು ಶುರುಮಾಡಿದ. ಒಂದೇ ಕೋಣೆ, ಒಂದೇ ದೃಶ್ಯ. ಮುನ್ನೂರು ಜನಕ್ಕೆ ನಗು, ಒಬ್ಬನಿಗೆ ಅಳು. ಆ ಹೊತ್ತಿಗೆ ಯಾರಾದರೂ ನಮ್ಮ ಸಾಲಿನ ಮುಂದೆ ಮೈಕ್ ಹಿಡಿದಿದ್ದರೆ, ಈ ಚಿತ್ರಕ್ಕೂ ಪ್ರೇಕ್ಷಕರು ಅತ್ತರು ಎಂದು ಸತ್ಯವಾಗಿಯೇ ವರದಿ ಮಾಡಬಹುದಿತ್ತು.

ಮಧ್ಯಂತರದ ದೀಪ ಹತ್ತಿದಾಗ ಅಪ್ಪ ಎರಡೂ ಕನ್ನಡಕ ತೆಗೆದು, ಮೂಗಿನ ಮೇಲಿನ ಗುರುತನ್ನು ಉಜ್ಜಿಕೊಳ್ಳುತ್ತ, “ಅಲ್ಲ ಮಾರಾಯ, ಯುದ್ಧ ಮುಗಿದ ಜಪಾನ್ ಇನ್ನೂ ಬರಲೇ ಇಲ್ಲವಲ್ಲ, ಎರಡನೇ ಅರ್ಧದಲ್ಲಿ ಬರ್ತದಾ?” ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕಾಯುತ್ತಿದ್ದರು. ನಾನು ಫೋನ್ ತೆರೆದು ಆ ಹಳೆಯ ವಿಡಿಯೋಗಳನ್ನು ಮತ್ತೆ ನೋಡಿದೆ. ಒಂದರ ಮುಖಚಿತ್ರದಲ್ಲಿ ಕಾಂಗ್ ಇತ್ತು, ಒಳಗೆ ಮಾತನಾಡುತ್ತಿದ್ದವರ ಹಿಂದಿನ ಭಿತ್ತಿಚಿತ್ರದಲ್ಲಿ ‘ಮೈನಸ್ ಒನ್’ ಎಂದು ಸ್ಪಷ್ಟವಾಗಿ ಬರೆದಿತ್ತು. ಯಾರೋ ಡಿಸೆಂಬರಿನ ಮಾತುಗಳಿಗೆ ಮಾರ್ಚಿನ ಮುಖಚಿತ್ರ ಅಂಟಿಸಿ ಹರಿಯಬಿಟ್ಟಿದ್ದರು. ಇನ್ನೊಂದು ವಿಡಿಯೋದಲ್ಲಿ ಇಂಥ ಮೋಸವೂ ಇರಲಿಲ್ಲ. ಅದರ ಕೆಳಗೆ ದಿನಾಂಕ ನಮೂದಾಗಿತ್ತು, ಅದನ್ನು ನೋಡದೆ ಇದ್ದದ್ದು ನಾನೇ. ಟಿಕೆಟ್ ಹಣ ಹಿಂದೆ ಕೊಡುವಂತೆ ಕೇಳುವ ಮುಖ ನನಗಿರಲಿಲ್ಲ.

ಮನೆಗೆ ಬಂದ ಮೇಲೆ ಈ ಪ್ರತಿಕ್ರಿಯೆಗಳ ವ್ಯವಹಾರ ಹೇಗೆ ನಡೆಯುತ್ತದೆಂದು ಸ್ವಲ್ಪ ಓದಿದೆ. ಚಿತ್ರ ಸರಿಯಾದದ್ದೇ ಆಗಿದ್ದರೂ ಮೊದಲ ದಿನದ ಮಾತು ನನಗೆ ಉಪಯೋಗವಾಗುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆ ಬಿಡುಗಡೆಯ ರಾತ್ರಿಯೇ ಚಿತ್ರಮಂದಿರದ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು ಅಂಕ ಕೇಳುತ್ತದೆ. ‘ನ್ಯೂ ಎಂಪೈರ್’ಗೆ ಸಿಕ್ಕಿದ್ದು ಎ ಮೈನಸ್, ಅಂದರೆ ಬಹಳ ಒಳ್ಳೆಯ ದರ್ಜೆ; ಅದೇ ಚಿತ್ರದ ಬಗ್ಗೆ ವಿಮರ್ಶಕರ ಅಭಿಪ್ರಾಯ ಇಬ್ಭಾಗವಾಗಿತ್ತು. ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಮೊದಲ ರಾತ್ರಿ ಬರುವವರು ಹಿಂದಿನ ನಾಲ್ಕೂ ಚಿತ್ರ ನೋಡಿ, ಟ್ರೇಲರನ್ನು ಹತ್ತು ಸಲ ತಿರುಗಿಸಿ, ಕಾಂಗ್ ಯಾರನ್ನು ಹೊಡೆಯುತ್ತದೆಂದು ನೋಡಲೆಂದೇ ಬಂದವರು. ಕೇಳಿದ್ದು ಸಿಕ್ಕಿತೇ ಎಂಬುದಕ್ಕೆ ಅವರು ಅಂಕ ಕೊಡುತ್ತಾರೆ, ಅವರು ಕೇಳಿದ್ದು ನನ್ನ ಅಪ್ಪನಿಗೂ ಬೇಕಿತ್ತೇ ಎಂಬುದಕ್ಕಲ್ಲ. ಇನ್ನು ಬಿಡುಗಡೆಗೆ ಮುನ್ನವೇ ಬರುವ ‘ಮೊದಲ ಪ್ರತಿಕ್ರಿಯೆ’ಗಳನ್ನು ಬರೆಯುವವರು ನಿರ್ಮಾಣ ಸಂಸ್ಥೆಯೇ ಕರೆದು ತೋರಿಸಿದ ಪ್ರದರ್ಶನಗಳಿಂದ ಹೊರಬಂದವರು, ಎರಡು ಸಾಲಿನ ಉದ್ಗಾರಕ್ಕೆ ಮೊದಲು ಅನುಮತಿ, ಪೂರ್ಣ ವಿಮರ್ಶೆಗೆ ಕೆಲವು ದಿನಗಳ ನಂತರ ಅನುಮತಿ ಎಂಬುದು ಅಲ್ಲಿನ ವಾಡಿಕೆ. ನಮ್ಮಲ್ಲಿ ಬೆಳಗಿನ ಪ್ರದರ್ಶನ ಬಿಟ್ಟೊಡನೆ ಬಾಗಿಲಲ್ಲಿ ಮೈಕ್ ಹಿಡಿದು ಕೇಳುವ ‘ಪಬ್ಲಿಕ್ ಟಾಕ್’ ಕೂಡ ಇದೇ ಜಾತಿಯದು. ಅಷ್ಟು ಬೆಳಗ್ಗೆ ಎದ್ದು ಬಂದವನು ಪೈಸಾ ವಸೂಲ್ ಎನ್ನದೆ ಇನ್ನೇನು ಹೇಳಿಯಾನು?

ಹಾಗಾಗಿ ನಾನೀಗ ಹೊಗಳಿಕೆಯನ್ನು ಬದಿಗಿಟ್ಟು ದೂರುಗಳನ್ನು ಓದುತ್ತೇನೆ. ಮನುಷ್ಯರ ಕಥೆ ಜಾಸ್ತಿಯಾಯಿತು, ಪ್ರಾಣಿ ಬರುವುದೇ ಕಡಿಮೆ ಎಂದು 2014ರ ‘ಗಾಡ್ಜಿಲಾ’ ನೋಡಿದ ಅನೇಕರು ಗೊಣಗಿದ್ದರು. ಆ ಗೊಣಗಾಟ ನನ್ನ ಅಪ್ಪನ ಪಾಲಿಗೆ ಶಿಫಾರಸು. ಬಹಳ ಹೊತ್ತು ಮಾತೇ ಇಲ್ಲದೆ ವಾನರಗಳೇ ಓಡಾಡುತ್ತವೆ ಎಂದು ‘ನ್ಯೂ ಎಂಪೈರ್’ ಬಗ್ಗೆ ಒಬ್ಬರು ಬೇಸರಪಟ್ಟಿದ್ದನ್ನು ಮೊದಲೇ ಓದಿದ್ದರೆ ಅಷ್ಟರಲ್ಲೇ ನನಗೆ ಅರ್ಥವಾಗಿಬಿಡುತ್ತಿತ್ತು. ನ್ಯಾಯವಾಗಿ ಹೇಳಬೇಕೆಂದರೆ, ಉಳಿದರ್ಧವನ್ನು ನಾನು ತಿಂಗಳುಗಳ ನಂತರ ಒಬ್ಬನೇ ನೋಡಿದೆ. ಈಜಿಪ್ಟಿನ ಪಿರಮಿಡ್ಡುಗಳ ನಡುವಿನ ಹೊಡೆದಾಟ, ಭೂಮಿಯ ಒಡಲೊಳಗೆ ತೂಕವೇ ಇಲ್ಲದೆ ತೇಲುತ್ತ ನಡೆಯುವ ಕಾಳಗ ನನಗೂ ಖುಷಿ ಕೊಟ್ಟವು. ಜಗತ್ತಿನಾದ್ಯಂತ ಸುಮಾರು 57 ಕೋಟಿ ಡಾಲರ್ ಗಳಿಸಿದ ಚಿತ್ರವನ್ನು ಜನ ಸುಮ್ಮನೆ ನೋಡಿರುವುದಿಲ್ಲ. ಐದು ವರ್ಷದವನೂ ಎಪ್ಪತ್ತೆರಡರವರೂ ಆ ಜನರಲ್ಲಿ ಸೇರಿರಲಿಲ್ಲ, ಅಷ್ಟೇ.

ಆ ವರ್ಷದ ಜೂನ್‌ನಲ್ಲಿ ‘ಮೈನಸ್ ಒನ್’ ನೆಟ್‌ಫ್ಲಿಕ್ಸ್‌ಗೆ ಬಂದಾಗ ಹುಡುಗನನ್ನು ಮಲಗಿಸಿದ ಮೇಲೆ ಮನೆಯಲ್ಲೇ ಹಾಕಿದೆವು. ಆತ್ಮಾಹುತಿ ದಾಳಿಗೆ ಹೊರಟು ಸಾಯಲಾರದೆ ಹಿಂತಿರುಗಿದ ಪೈಲಟ್ ಸುಟ್ಟುಹೋದ ತನ್ನ ಕೇರಿಗೆ ಬಂದಾಗ, ಮಕ್ಕಳನ್ನು ಕಳೆದುಕೊಂಡ ನೆರೆಮನೆಯವಳು ನೀನೇಕೆ ಬದುಕಿ ಬಂದೆ ಎಂದು ಹಂಗಿಸುತ್ತಾಳೆ. ಅಪ್ಪ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗೂ ಇಡಲಿಲ್ಲ, ಬಾಯಿಗೂ ಒಯ್ಯಲಿಲ್ಲ. ಗಾಡ್ಜಿಲಾ ಊರೊಳಗೆ ನುಗ್ಗುವ ಹೊತ್ತಿಗೆ ಕಾಫಿ ತಣ್ಣಗಾಗಿ ಕೆನೆಗಟ್ಟಿತ್ತು.

ಈಗ ಇದನ್ನೆಲ್ಲ ಬರೆಯಲು ಕಾರಣ, ಇದೇ ಗೊಂದಲ ಇನ್ನೊಮ್ಮೆ ಬರಲಿದೆ. ಯಮಝಾಕಿ ಅವರ ‘ಗಾಡ್ಜಿಲಾ ಮೈನಸ್ ಝೀರೋ’ 2026ರ ನವೆಂಬರಿಗೆ, ಹಾಲಿವುಡ್ ಸರಣಿಯ ‘ಗಾಡ್ಜಿಲಾ ಎಕ್ಸ್ ಕಾಂಗ್: ಸೂಪರ್‌ನೋವಾ’ 2027ರ ಮಾರ್ಚಿಗೆ ಎಂದು ಘೋಷಣೆಯಾಗಿದೆ. ನಡುವೆ ಇರುವುದು ನಾಲ್ಕೈದು ತಿಂಗಳು. ಒಂದನ್ನು ನೋಡಿದವರ ಮಾತು ಇನ್ನೊಂದರ ಮುಖಚಿತ್ರದಡಿ ಸೇರಿಕೊಳ್ಳಲು ಅಷ್ಟು ಕಾಲ ಧಾರಾಳವಾಯಿತು. ಮೊನ್ನೆ ಪತ್ರಿಕೆಯಲ್ಲಿ ಗಾಡ್ಜಿಲಾ ಎಂಬ ಹೆಸರು ಕಂಡು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಳ್ಳುವ ಮೊದಲೇ ಕೇಳಿದರು: “ಯಾವ ಮನೆಯದ್ದು?”