ಥೈರಾಯ್ಡ್ ಗುಳಿಗೆಯವರ ಎದೆ ಉರಿಗೆ ಯಾವ ಮದ್ದು: ಜೆಲ್, ಈನೋ, ಫ್ಯಾಮೋಟಿಡಿನ್, ಪ್ಯಾಂಟೊಪ್ರಜೋಲ್

ಬಳ್ಳಾರಿ ಕಡೆ ಬೆಳಗಾದರೆ ಚಾ, ಅದರ ಹಿಂದೆಯೇ ಒಗ್ಗರಣೆ-ಮಿರ್ಚಿ. ಥೈರಾಯ್ಡ್ ಗುಳಿಗೆಗೆ ಬೇಕಾದದ್ದು ಖಾಲಿ ಹೊಟ್ಟೆ. ಇವೆರಡರ ನಡುವೆ ಎದೆ ಉರಿಯ ಔಷಧವನ್ನೂ ಹೊಂದಿಸಬೇಕಾದಾಗ ಲೆಕ್ಕ ತಪ್ಪುತ್ತದೆ. ಉರಿ ಬೇಗ ಆರಿಸುವುದು ಯಾವುದು ಎಂದಷ್ಟೇ ನೋಡಿದರೆ ಸಾಲದು, ಥೈರಾಯ್ಡ್ ಗುಳಿಗೆಯನ್ನು ಯಾವುದು ಕೆಡಿಸುವುದಿಲ್ಲ ಎಂಬುದನ್ನೂ ನೋಡಬೇಕು. ಒಂದೊಂದನ್ನೂ ಬಳಸಿ ನೋಡಿದ ಮೇಲೆ ಇಲ್ಲಿ ತೂಗಿದ್ದೇವೆ.

ಮೊದಲು ಕೆಡುವುದು ಹೇಗೆ ಎಂದು ತಿಳಿದಿರಲಿ. ಥೈರಾಯ್ಡ್ ಗುಳಿಗೆಯಲ್ಲಿರುವ ಲೆವೊಥೈರಾಕ್ಸಿನ್ (ಥೈರಾಕ್ಸಿನ್) ಹೊಟ್ಟೆಯ ಆಮ್ಲದಲ್ಲಿ ಕರಗಿ, ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುತ್ತದೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೂ ಸೇರುವುದು ಶೇ 60ರಿಂದ 80ರಷ್ಟು ಮಾತ್ರ. ಅಲ್ಯೂಮಿನಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಇರುವ ಔಷಧಗಳು ಅದನ್ನು ಕರುಳಿನಲ್ಲೇ ಹಿಡಿದುಕೊಂಡು ಮಲದ ಜೊತೆ ಹೊರಗೆ ಒಯ್ಯುತ್ತವೆ. ಇನ್ನು ಕೆಲವು ಔಷಧಗಳು ಆಮ್ಲವನ್ನೇ ಕಡಿಮೆ ಮಾಡುತ್ತವೆ, ಗುಳಿಗೆ ಸರಿಯಾಗಿ ಕರಗುವುದೇ ಇಲ್ಲ. ಮೊದಲನೆಯ ತೊಂದರೆಯನ್ನು ಗಡಿಯಾರ ನೋಡಿಕೊಂಡು ತಪ್ಪಿಸಬಹುದು. ಎರಡನೆಯದು ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಾದಾಗ ರಕ್ತದಲ್ಲಿ ಏರುವ ಅಂಶ) ಪರೀಕ್ಷೆಯಲ್ಲಷ್ಟೇ ಸಿಗುತ್ತದೆ.

ಜೆಲ್‌ನಿಂದ ಶುರು ಮಾಡೋಣ. ಡೈಜೀನ್, ಜೆಲುಸಿಲ್ ಬಗೆಯ ಬಾಟಲಿಗಳಲ್ಲಿ ಇರುವುದು ಅಲ್ಯೂಮಿನಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಊಟವಾದ ಒಂದು ಗಂಟೆಗೆ ಎರಡು ಚಮಚ ಕುಡಿದರೆ ಹತ್ತು ನಿಮಿಷದಲ್ಲಿ ಉರಿ ಇಳಿಯುತ್ತದೆ, ಒಂದೆರಡು ಗಂಟೆ ತಡೆಯುತ್ತದೆ. ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು. ರಾತ್ರಿ ಒಂಬತ್ತಕ್ಕೆ ಜೆಲ್, ಬೆಳಿಗ್ಗೆ ಐದೂವರೆಗೆ ಗುಳಿಗೆ ಎಂದಾದರೆ ಏನೂ ತೊಂದರೆಯಿಲ್ಲ. ಬೆಳಿಗ್ಗೆ ಎದ್ದಾಗಲೇ ಹುಳಿತೇಗು ಬಂದು, ಗುಳಿಗೆ ನುಂಗಿದ ಬೆನ್ನಿಗೇ ಜೆಲ್ ಕುಡಿದರೆ ಆ ದಿನದ ಡೋಸಿನಲ್ಲಿ ಒಂದು ಪಾಲು ಹೋದಂತೆಯೇ. ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್‌ಫೇಟ್ ಸಿರಪ್ಪಿಗೂ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳಿಗೂ ಇದೇ ನಾಲ್ಕು ಗಂಟೆ. ಸುಕ್ರಾಲ್‌ಫೇಟನ್ನು ದಿನಕ್ಕೆ ನಾಲ್ಕು ಸಲ ಬರೆದುಕೊಟ್ಟರೆ ಮಾತ್ರ ಅಂತರ ಹೊಂದಿಸುವುದು ತಲೆನೋವು. ಚೀಟಿ ಬರೆಯುವಾಗಲೇ ಡಾಕ್ಟರಿಗೆ ಥೈರಾಯ್ಡ್ ವಿಷಯ ಹೇಳಿಬಿಡಿ.

ಈನೋ ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಅದು ಸೋಡಾ ಪುಡಿ ಮತ್ತು ಸಿಟ್ರಿಕ್ ಆಮ್ಲ. ಒಂದು ಪೊಟ್ಟಣದಲ್ಲಿ ಸೋಡಿಯಂ ಸಾಕಷ್ಟಿರುವುದರಿಂದ ಬಿಪಿ ಇರುವವರು ರೂಢಿ ಮಾಡಿಕೊಳ್ಳಬಾರದು. ತೇಗು ಬಂದಾಗ ಹಾಯೆನಿಸುವುದು ನಿಜ, ಆದರೆ ಆ ಗಾಳಿಯ ಜೊತೆಗೇ ಆಮ್ಲವೂ ಗಂಟಲಿಗೆ ಏರುತ್ತದೆ. ಮಿರ್ಚಿ ತಿಂದ ಮೇಲೆ ಗೋಲಿ ಸೋಡಾ ಕುಡಿಯುವುದೂ ಅದೇ ಜಾತಿಯ ಸಮಾಧಾನ.

ಫ್ಯಾಮೋಟಿಡಿನ್ 20 ಅಥವಾ 40 ಮಿಲಿಗ್ರಾಂ ನಡುವಿನ ದಾರಿ. ಒಂದು ಗಂಟೆಯೊಳಗೆ ಕೆಲಸ ಶುರು, ಹತ್ತರಿಂದ ಹನ್ನೆರಡು ಗಂಟೆ ಹಿಡಿಯುತ್ತದೆ. ರಾತ್ರಿ ಮಲಗಿದಾಗ ಮಾತ್ರ ಉರಿಯುವವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆಮ್ಲವನ್ನು ಪ್ಯಾಂಟೊಪ್ರಜೋಲ್‌ನಷ್ಟು ತಗ್ಗಿಸುವುದಿಲ್ಲ. ಕುಂದು ಒಂದಿದೆ: ದಿನಾಲೂ ತೆಗೆದುಕೊಂಡರೆ ಒಂದೆರಡು ವಾರದಲ್ಲಿ ಮೈ ಒಗ್ಗಿಕೊಂಡು ಪರಿಣಾಮ ಸಡಿಲವಾಗುತ್ತದೆ. ಬೇಕೆನಿಸಿದ ದಿನ ಮಾತ್ರ ಬಳಸಿದರೆ ಬಹುಕಾಲ ಬಾಳುತ್ತದೆ. ಕಿಡ್ನಿ ತೊಂದರೆ ಇದ್ದರೆ ಡೋಸು ಕಡಿಮೆ ಮಾಡಬೇಕಾಗುತ್ತದೆ. ಇದೇ ಗುಂಪಿನ ಹಳೆಯ ರಾನಿಟಿಡಿನ್ ಅನ್ನು ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದ 2022ರಲ್ಲಿ ಕೈಬಿಡಲಾಗಿದೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್: ಎಲ್ಲಕ್ಕಿಂತ ಬಲವಾದವು ಇವೇ, ಅತಿ ಹೆಚ್ಚು ತಪ್ಪಾಗಿ ಬಳಕೆಯಾಗುವುದೂ ಇವೇ. 'ಗ್ಯಾಸಿನ ಗುಳಿಗೆ ಕೊಡ್ರಿ' ಎಂದರೆ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಇದೇ, ಕೆಲವೊಮ್ಮೆ ವಾಂತಿ ತಡೆಯುವ ಡೊಂಪೆರಿಡೋನ್ ಸೇರಿಸಿದ್ದು. ಮಿರ್ಚಿ ತಿಂದಾದ ಮೇಲೆ ಒಂದು ನುಂಗಿದರೆ ಪ್ರಯೋಜನ ಕಡಿಮೆ. ಊಟಕ್ಕೆ ಅರ್ಧ-ಮುಕ್ಕಾಲು ಗಂಟೆ ಮುಂಚೆ ತೆಗೆದುಕೊಳ್ಳಬೇಕು, ಪೂರ್ತಿ ಪರಿಣಾಮ ಕಾಣಲು ಕೆಲವು ದಿನ ಬೇಕು.

ಥೈರಾಯ್ಡ್ ಗುಳಿಗೆಗೆ ನಿಜವಾದ ಅಡ್ಡಿ ಇಲ್ಲಿದೆ. ಇವುಗಳ ಪರಿಣಾಮ ದಿನವಿಡೀ ಇರುವುದರಿಂದ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ರಾತ್ರಿ ಎಂದು ಬೇರೆ ಮಾಡಿದರೂ ಆಮ್ಲದ ಕೊರತೆ ಉಳಿಯುತ್ತದೆ. 2006ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಹೊಟ್ಟೆಯ ಆಮ್ಲ ಕುಗ್ಗಿದವರಿಗೆ ಥೈರಾಕ್ಸಿನ್ ಶೇ 22ರಿಂದ 34ರಷ್ಟು ಹೆಚ್ಚು ಬೇಕಾಗಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ. ಯಾರಿಗೆ ಆಗುತ್ತದೆ ಎಂಬುದನ್ನು ಅಂದಾಜಿನಿಂದ ಹೇಳಲಾಗದು. ಆದ್ದರಿಂದ ಶುರು ಮಾಡಿದ 6ರಿಂದ 8 ವಾರಕ್ಕೆ ಟಿಎಸ್‌ಎಚ್ ನೋಡಿಸಿ. ರಕ್ತದಲ್ಲಿ ಥೈರಾಕ್ಸಿನ್ ಅರ್ಧವಾಗಲು ಸುಮಾರು ಏಳು ದಿನ ಬೇಕು, ಹಾಗಾಗಿ ಹದಿನೈದೇ ದಿನಕ್ಕೆ ಓಡಿದರೆ ಸುಮ್ಮನೆ ದುಡ್ಡು ದಂಡ. ಬೆಳಿಗ್ಗೆ ಗುಳಿಗೆ ನುಂಗುವ ಮುಂಚೆ, ಪ್ರತಿಸಲವೂ ಒಂದೇ ಲ್ಯಾಬಿನಲ್ಲಿ ರಕ್ತ ಕೊಡಿ. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಕನಿಷ್ಠ ಎರಡು ದಿನ ಮುಂಚೆ ಬಿಟ್ಟಿರಿ, ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗಬಹುದು.

ಬಹಳ ಜನ ಮರೆಯುವ ಇನ್ನೊಂದು ತುದಿಯೂ ಇದೆ. ಪ್ಯಾಂಟೊಪ್ರಜೋಲ್ ನಡೆಯುತ್ತಿದ್ದಾಗ ಡಾಕ್ಟರು ಥೈರಾಯ್ಡ್ ಡೋಸು 75ರಿಂದ 100 ಮೈಕ್ರೋಗ್ರಾಂಗೆ ಏರಿಸಿರುತ್ತಾರೆ. ಎದೆ ಉರಿ ನಿಂತಿತೆಂದು ಪ್ಯಾಂಟೊಪ್ರಜೋಲ್ ಬಿಟ್ಟರೆ ಅದೇ 100 ಹೆಚ್ಚಾಗಬಹುದು: ಎದೆ ಬಡಿತ, ಕೈ ನಡುಕ, ನಿದ್ದೆ ಬಾರದಿರುವುದು. ಬಿಡುವಾಗಲೂ 6ರಿಂದ 8 ವಾರಕ್ಕೆ ಪರೀಕ್ಷೆ ಬೇಕು. ತಿಂಗಳುಗಟ್ಟಲೆ ತೆಗೆದುಕೊಂಡು ಒಮ್ಮೆಗೇ ನಿಲ್ಲಿಸಿದರೆ ಆಮ್ಲ ಉಕ್ಕಿ ಮೊದಲಿಗಿಂತ ಹೆಚ್ಚು ಉರಿಯುವುದೂ ಉಂಟು, ಡಾಕ್ಟರನ್ನು ಕೇಳಿ ನಿಧಾನವಾಗಿ ಇಳಿಸುವುದು ವಾಸಿ.

ಈಗ ಥೈರಾಯ್ಡ್ ಗುಳಿಗೆಯ ಹೊತ್ತು. ಅಮೆರಿಕದ ಥೈರಾಯ್ಡ್ ಸಂಘದ 2014ರ ಮಾರ್ಗಸೂಚಿ ಎರಡನ್ನೂ ಒಪ್ಪುತ್ತದೆ: ಬೆಳಗಿನ ತಿಂಡಿಗೆ ಒಂದು ಗಂಟೆ ಮುಂಚೆ, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಯಾದ ಮೇಲೆ. ಬೆಳಗಿನ ಚಾ ಬಿಡಲಾಗದವರಿಗೆ ರಾತ್ರಿಯದು ಸುಲಭ ಎನಿಸುತ್ತದೆ. ಎದೆ ಉರಿ ಇರುವವರಿಗೆ ಅದು ಕಷ್ಟ. ರಾತ್ರಿ ಏಳೂವರೆಗೆ ರೊಟ್ಟಿ, ಎಣ್ಣೆಗಾಯಿ ಉಂಡು ಹತ್ತೂವರೆಗೆ ಗುಳಿಗೆ ಎಂದಿಟ್ಟುಕೊಳ್ಳಿ: ಸಂಜೆ ಆರೂವರೆಯಿಂದ ನಸುಕಿನ ಎರಡೂವರೆವರೆಗೆ ಜೆಲ್ ಮುಟ್ಟುವಂತಿಲ್ಲ. ಉರಿ ಹೆಚ್ಚಾಗುವುದು ಅದೇ ಹೊತ್ತಿಗೆ! ಜೆಲ್ ನೆಚ್ಚಿಕೊಂಡವರು ಬೆಳಗಿನ ಹೊತ್ತಿಗೇ ಅಂಟಿಕೊಳ್ಳಲಿ. ಐದೂವರೆಗೆ ಕುಳಿತುಕೊಂಡು, ಒಂದು ಲೋಟ ನೀರಿನ ಜೊತೆ ನುಂಗಿ. ಎರಡು ಗುಟುಕಿನಲ್ಲಿ ನುಂಗಿ ಮತ್ತೆ ಮಲಗಿದರೆ ಗುಳಿಗೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಉರಿಸಬಹುದು. ಆರೂವರೆಗೆ ಚಾ, ತಿಂಡಿ. ಕಬ್ಬಿಣ, ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ. ಪ್ಯಾಂಟೊಪ್ರಜೋಲ್ ಬೇಕೇ ಬೇಕಾಗಿ, ತೊಂದರೆ ರಾತ್ರಿಯದೇ ಆಗಿದ್ದರೆ ಅದನ್ನು ರಾತ್ರಿ ಊಟಕ್ಕೆ ಮುಂಚೆ ಇಡಬಹುದೇ ಎಂದು ಡಾಕ್ಟರನ್ನು ಕೇಳಿ. ಬೆಳಗಿನ ಗಜಿಬಿಜಿ ತಪ್ಪುತ್ತದೆ, ಆಮ್ಲದ ಲೆಕ್ಕ ಮಾತ್ರ ಬದಲಾಗದು.

ಯಾವ ಗುಳಿಗೆಗೂ ಅಡ್ಡ ಬಾರದ್ದು ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ. ಆರರಿಂದ ಎಂಟು ಇಂಚು ಎತ್ತರಿಸಬೇಕು. ಎರಡು ದಿಂಬು ಹಾಕಿದರೆ ಕತ್ತು ಮಾತ್ರ ಮಡಚಿ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಚಾಪೆ ಹಾಸುವವರು ಎಡಮಗ್ಗುಲಿಗಾದರೂ ಮಲಗಲಿ. ನಮ್ಮ ತೂಕದಲ್ಲಿ ಮೊದಲ ಸ್ಥಾನ ಇದಕ್ಕೇ, ಎರಡನೆಯದು ರಾತ್ರಿಯ ಜೆಲ್, ಮೂರನೆಯದು ಫ್ಯಾಮೋಟಿಡಿನ್. ಪ್ಯಾಂಟೊಪ್ರಜೋಲ್ ಡಾಕ್ಟರು ಬರೆದಾಗ, ಬರೆದಷ್ಟು ದಿನ.

ಇಷ್ಟಾದರೂ ಟಿಎಸ್‌ಎಚ್ ಏರಿದರೆ ಗುಳಿಗೆ ಇಟ್ಟ ಜಾಗ ನೋಡಿ. ರಾಯಚೂರಿನ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಥೈರಾಕ್ಸಿನ್ ಶಾಖಕ್ಕೂ ತೇವಕ್ಕೂ ಸೊರಗುವ ಔಷಧ. ಒಲೆ ಪಕ್ಕದ ಕಪಾಟು, ಬೈಕಿನ ಡಿಕ್ಕಿ ಎರಡೂ ಬೇಡ. ನುಂಗುವಾಗ ಅನ್ನ ಸಿಕ್ಕಿಕೊಂಡಂತಾದರೆ, ಮಲ ಕಪ್ಪಾದರೆ, ಕಾರಣವಿಲ್ಲದೆ ತೂಕ ಇಳಿದರೆ ಈ ಹೋಲಿಕೆ ಬಿಟ್ಟು ಡಾಕ್ಟರಿಗೆ ತೋರಿಸಿ. ನಡೆದಾಗ ಎದೆ ಬಿಗಿದು ಎಡಗೈಗೆ ನೋವು ಹರಿದರೆ ಜೆಲ್ ಕುಡಿದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.