ಹಳೇ ಲಾರಿಗೆ ಎಲೆಕ್ಟ್ರಿಕ್ ಪಂಪ್ ಬೇಕಾ, ಇರೋ ಫೀಡ್ ಪಂಪೇ ಸಾಕಾ?

ನನ್ನ ಓಟು ಮೆಕ್ಯಾನಿಕಲ್ ಫೀಡ್ ಪಂಪಿಗೇ, ಅಂದರೆ ಎಂಜಿನ್ ತಿರುಗುವಾಗ ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಪಂಪಿಗೆ. ಎಲೆಕ್ಟ್ರಿಕ್ ಪಂಪನ್ನು ದುಡ್ಡು ಕೊಟ್ಟು ತಂದು, ಹಾಕಿಸಿ, ಓಡಿಸಿ, ಕೊನೆಗೆ ಬಿಚ್ಚಿ ಇಟ್ಟಿದ್ದೇನೆ. ನಡುವೆ ರಬ್ಬರ್ ಬಲ್ಬ್ ಪ್ರೈಮರ್ (ಕೈಯಲ್ಲಿ ಹಿಂಡಿ ಪೈಪಿಗೆ ಡೀಸೆಲ್ ತುಂಬಿಸುವಂಥದ್ದು) ಕೂಡ ಹಾಕಿ ನೋಡಿದೆ.

ಗಾಡಿ ಹಳೆಯದು. 24 ವೋಲ್ಟ್, ಇನ್‌ಲೈನ್ ಇಂಜೆಕ್ಷನ್ ಪಂಪ್. ಎಂಜಿನ್ನಿನೊಳಗೆ ಜೋರು ಒತ್ತಡದಲ್ಲಿ ಡೀಸೆಲ್ ಕಳಿಸುವುದು ಅದೇ. ಆ ಪಂಪಿನ ಮೈಗೇ ಪ್ಲಂಜರ್ ಇರುವ ಫೀಡ್ ಪಂಪ್ ಕೂತಿದೆ, ಅದರ ತಲೆ ಮೇಲೆ ಕೈಯಲ್ಲಿ ಒತ್ತುವ ಪ್ರೈಮರ್. ತೊಂದರೆ ಎರಡಿತ್ತು. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಇಳಿಯಬೇಕು, ಇಲ್ಲವೇ ಪ್ರೈಮರ್ ಒತ್ತಿ ಒತ್ತಿ ಕೈ ಸೋಲಬೇಕು. ಇನ್ನೊಂದು, ಲೋಡ್ ಇದ್ದಾಗ ಏರು ಬಂದರೆ ಪಿಕಪ್ ಸತ್ತೇ ಹೋಗುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಎಳೆಯುತ್ತಿರಲಿಲ್ಲ. ಫಿಲ್ಟರ್ ಹೊಸದೇ ಇತ್ತು. ಟ್ಯಾಂಕ್ ಮುಚ್ಚಳದ ಗಾಳಿ ತೂತೂ ಸರಿ ಇತ್ತು. ಅದು ಕಟ್ಟಿಕೊಂಡಿದ್ದರೆ ಮುಚ್ಚಳ ತೆಗೆದ ಕೂಡಲೇ ಬುಸ್ ಅಂತ ಗಾಳಿ ಎಳೆಯುತ್ತೆ.

ಫೀಡ್ ಪಂಪನ್ನು ಹಾಗೇ ಬಿಟ್ಟು ಅದರ ಹಿಂದೆ ಎಲೆಕ್ಟ್ರಿಕ್ ಪಂಪ್ ಹಾಕಿದ ಮೊದಲ ಬೆಳಗ್ಗೆಯೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಚಾವಿ ತಿರುಗಿಸಿದರೆ ಟಕಟಕ ಸದ್ದು. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ (ಒಳಗಿನ ಗಾಳಿ ಹೊರಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಿದರೆ ಮೊದಲು ನೊರೆ, ಆಮೇಲೆ ಬರೀ ಡೀಸೆಲ್. ಸ್ಕ್ರೂ ಬಿಗಿ ಮಾಡಿ ಸೆಲ್ಫ್ ಕೊಟ್ಟರೆ ಎಂಜಿನ್ ಎದ್ದು ನಿಂತಿತು. ಏರಿನಲ್ಲೂ ಎಳೆತ ಪರವಾಗಿಲ್ಲ ಅನ್ನಿಸಿತು.

ಇನ್ನೊಂದು ಉಪಕಾರವನ್ನೂ ಅದು ಮಾಡಿತು. ಈ ಪಂಪನ್ನು ಟ್ಯಾಂಕಿನ ಹತ್ತಿರ, ಆದಷ್ಟು ಕೆಳಗೇ ಹಾಕಬೇಕು. ಅದಕ್ಕೆ ತಳ್ಳುವುದು ಸುಲಭ, ಎಳೆಯುವುದು ಕಷ್ಟ. ಹಾಗೆ ಹಾಕಿದಾಗ, ಅದುವರೆಗೆ ಡೀಸೆಲ್ ಎಳೆಯುತ್ತಿದ್ದ ಪೈಪಿನಲ್ಲೇ ಒತ್ತಡ ಬರುತ್ತೆ. ಎಳೆಯುವ ಪೈಪಿನಲ್ಲಿ ಬಿರುಕಿದ್ದರೆ ಗಾಳಿ ಒಳಗೆ ಹೋಗುತ್ತೆ, ಹೊರಗೆ ಒಂದು ಹನಿಯೂ ಕಾಣಲ್ಲ. ಒತ್ತಡ ಬಂದರೆ ಅದೇ ಬಿರುಕು ತೊಟ್ಟಿಕ್ಕುತ್ತೆ. ನನ್ನ ಗಾಡಿಯಲ್ಲಿ ರಬ್ಬರ್ ಪೈಪ್ ಲೋಹದ ಪೈಪಿಗೆ ಸೇರುವ ಜಾಗದಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ಒದ್ದೆಯಾಗಿತ್ತು. ಕ್ಲಿಪ್ ಬಿಚ್ಚಿ ಪೈಪ್ ಬಗ್ಗಿಸಿದರೆ ಸುತ್ತಲೂ ಸಣ್ಣ ಸಣ್ಣ ಬಿರುಕು. ರಾತ್ರಿ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿಯುತ್ತಿದ್ದುದು ಇದರಿಂದಲೇ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಸ್ವಲ್ಪ ದಿನ ಓಡಿಸಿದ ಮೇಲೆ ಆಯಿಲ್ ನೋಡೋಣ ಅಂತ ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆ ದಾಟಿ ನಿಂತಿದೆ! ಹಳೇ ಎಂಜಿನ್ ಆಯಿಲ್ ಕುಡಿಯುತ್ತೆ ಅನ್ನುವುದು ಗೊತ್ತು, ಜಾಸ್ತಿ ಆಗುವುದು ಹೇಗೆ? ಬೆರಳಿಗೆ ಹಚ್ಚಿ ಉಜ್ಜಿದರೆ ಜಿಡ್ಡೇ ಇಲ್ಲ, ನೀರು ನೀರು. ಮೂಗಿನ ಹತ್ತಿರ ತಂದರೆ ಡೀಸೆಲ್ ವಾಸನೆ. ಒಂದು ಹನಿಯನ್ನು ಕಾಗದದ ಮೇಲೆ ಬಿಟ್ಟು ಪಕ್ಕಕ್ಕಿಟ್ಟೆ. ಮಧ್ಯೆ ಕಪ್ಪು ಚುಕ್ಕೆ, ಅದರಿಂದಾಚೆ ಬೆಳಕು ತೂರುವಂಥ ಅಗಲವಾದ ಉಂಗುರ. ಆ ಹೊರಗಿನ ಉಂಗುರವೇ ಡೀಸೆಲ್.

ಅದು ಎಲ್ಲಿಂದ ಬಂತು? ಫೀಡ್ ಪಂಪನ್ನು ನಡೆಸುವುದು ಇಂಜೆಕ್ಷನ್ ಪಂಪಿನ ಕ್ಯಾಮ್ ಶಾಫ್ಟ್. ನಡುವೆ ಒಂದು ತೆಳ್ಳನೆ ರಾಡ್ ಹಿಂದೆ ಮುಂದೆ ಆಡುತ್ತೆ. ರಾಡಿನ ಈ ಕಡೆ ಡೀಸೆಲ್, ಆ ಕಡೆ ಆಯಿಲ್. ಎರಡನ್ನೂ ಬೇರೆ ಇಟ್ಟಿರುವುದು ರಾಡ್ ಬಿಗಿಯಾಗಿ ಕೂತಿರುವುದು ಮತ್ತು ಅದರ ಸೀಲ್, ಅಷ್ಟೇ. ವರ್ಷಗಟ್ಟಲೆ ಓಡಿದ ಪಂಪಿನಲ್ಲಿ ಅದು ಸವೆದಿರುತ್ತೆ. ಮೊದಲೂ ಚೂರುಪಾರು ಜಿನುಗುತ್ತಿತ್ತೋ ಏನೋ, ಗಮನಕ್ಕೆ ಬರುವಷ್ಟು ಇರಲಿಲ್ಲ. ಈಗ ಹಿಂದಿನಿಂದ ಎಲೆಕ್ಟ್ರಿಕ್ ಪಂಪ್ ಒತ್ತುತ್ತಲೇ ಇದೆ, ಎಂಜಿನ್ ನಿಂತಿದ್ದರೂ ಚಾವಿ ಆನ್ ಇದ್ದರೆ ಸಾಕು. ಎಂಜಿನ್ ಆಯಿಲೇ ಇಂಜೆಕ್ಷನ್ ಪಂಪಿಗೂ ಹೋಗಿ ಬರುವ ಗಾಡಿಗಳಲ್ಲಿ ಹೀಗೆ ಜಿನುಗಿದ ಡೀಸೆಲ್ ನೇರವಾಗಿ ಸಂಪಿಗೆ, ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಗೆ ಇಳಿಯುತ್ತೆ. ಪ್ಲಂಜರ್ ಬದಲು ಡಯಾಫ್ರಾಮ್ (ಬಾಗುವ ಪೊರೆ) ಪಂಪ್ ಇರುವ ಎಂಜಿನ್ನಿನಲ್ಲೂ ಡಯಾಫ್ರಾಮ್ ಹರಿದರೆ ಇದೇ ಪಾಡು.

ಇದು ಸಣ್ಣ ವಿಷಯ ಅಲ್ಲ. ಆಯಿಲ್ ತೆಳುವಾದರೆ ಬೇರಿಂಗ್ ಸವೆಯುತ್ತೆ. ಮಟ್ಟ ತೀರಾ ಜಾಸ್ತಿಯಾದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಿ ಓಡಬಹುದು. ಆಗ ಡೀಸೆಲ್ ಬಂದ್ ಮಾಡಿದರೂ ನಿಲ್ಲಲ್ಲ. ಆಯಿಲ್, ಆಯಿಲ್ ಫಿಲ್ಟರ್ ಎರಡನ್ನೂ ಬದಲಾಯಿಸಬೇಕಾಯಿತು. ಆ ಖರ್ಚಿನಲ್ಲಿ ಫೀಡ್ ಪಂಪ್ ರಿಪೇರಿ ಕಿಟ್ ಬಂದು ಇನ್ನೂ ದುಡ್ಡು ಮಿಗುತ್ತಿತ್ತು.

ಹಳೇ ಫೀಡ್ ಪಂಪನ್ನೇ ತೆಗೆದು, ಆ ಜಾಗಕ್ಕೆ ಪ್ಲೇಟ್ ಮುಚ್ಚಿ, ಬರೀ ಎಲೆಕ್ಟ್ರಿಕ್ ಮೇಲೆ ಓಡಿಸು ಅಂತ ಸಲಹೆ ಬಂತು. ಆಗುತ್ತೆ. ಆದರೆ ಪಂಪಿನ ಜೊತೆ ಕೈ ಪ್ರೈಮರೂ ಹೋಯಿತಲ್ವಾ? ರಸ್ತೆ ಮಧ್ಯೆ ಫ್ಯೂಸ್ ಹೋದರೆ, ರಿಲೇ ಕೈ ಕೊಟ್ಟರೆ, ಅಲ್ಲೇ ಕೂರಬೇಕು. ಒತ್ತಡವನ್ನೂ ನೋಡಿ ತರಬೇಕು. ಇನ್‌ಲೈನ್ ಪಂಪಿಗೆ ಬೇಕಿರುವುದು ಸುಮಾರು 1ರಿಂದ 1.5 ಬಾರ್, ಪೆಟ್ರೋಲ್ ಇಂಜೆಕ್ಷನ್ ಕಾರಿನ ಪಂಪ್ ಅದರ ಎರಡರಷ್ಟಕ್ಕಿಂತ ಜಾಸ್ತಿ ಕೊಡುತ್ತೆ. ಎಂಜಿನ್ ನಿಂತರೆ ಪಂಪೂ ನಿಲ್ಲುವ ಹಾಗೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ವೈರ್ ಮಾಡಿಸದೇ ಇದ್ದರೆ, ಆಕ್ಸಿಡೆಂಟ್ ಆದಾಗಲೂ ಅದು ಡೀಸೆಲ್ ತಳ್ಳುತ್ತಲೇ ಇರುತ್ತೆ.

ರಬ್ಬರ್ ಬಲ್ಬ್ ಬಗ್ಗೆ ಹೇಳಲು ಹೆಚ್ಚಿಲ್ಲ. ಅಗ್ಗ. ಬಾಣದ ಗುರುತು ಎಂಜಿನ್ ಕಡೆಗಿರಬೇಕು, ಹೊರ ಹೋಗುವ ಬಾಯಿ ಮೇಲ್ಮುಖವಾಗಿದ್ದರೆ ಒಳಗಿನ ವಾಲ್ವ್ ಸರಿಯಾಗಿ ಕೂರುತ್ತೆ. ಡೀಸೆಲ್ ತುಂಬಿಸಲು ಪ್ರೈಮರಿಗಿಂತ ಸಲೀಸು. ಆದರೆ ಏರಿನ ತೊಂದರೆಗೆ ಅದು ಮದ್ದಲ್ಲ. ಮೇಲಾಗಿ ಎಂಜಿನ್ ಬಿಸಿಗೆ ರಬ್ಬರ್ ಗಟ್ಟಿಯಾದರೆ ಅದೂ ಗಾಳಿ ಎಳೆಯಲು ಶುರು.

ಕೊನೆಗೆ ಫೀಡ್ ಪಂಪ್ ಬಿಚ್ಚಿದೆವು. ಡೀಸೆಲ್ ಒಳಬರುವ ಬೋಲ್ಟಿನ ಒಳಗೆ ಒಂದು ಸಣ್ಣ ಜಾಲರಿ ಇರುತ್ತೆ, ಎಷ್ಟೋ ಜನಕ್ಕೆ ಅದು ಇರುವುದೇ ಗೊತ್ತಿಲ್ಲ. ಫಿಲ್ಟರ್ ಬದಲಾಯಿಸುವವರೂ ಅದನ್ನು ಮುಟ್ಟಲ್ಲ. ನನ್ನದರಲ್ಲಿ ಟ್ಯಾಂಕಿನ ತುಕ್ಕು, ಕಪ್ಪು ಲೋಳೆ ಸೇರಿ ತೂತುಗಳೇ ಕಾಣುತ್ತಿರಲಿಲ್ಲ. ಏರಿನಲ್ಲಿ ಪಿಕಪ್ ಸಾಯುತ್ತಿದ್ದುದಕ್ಕೆ ಕಾರಣ ಇದು. ಎಲೆಕ್ಟ್ರಿಕ್ ಪಂಪ್ ಅದರ ಮೂಲಕವೇ ಡೀಸೆಲ್ ತುರುಕುತ್ತಿತ್ತು, ಹಾಗಾಗಿ ಕಾಯಿಲೆ ಮುಚ್ಚಿಹೋಗಿತ್ತು. ಡೀಸೆಲ್‌ನಲ್ಲಿ ಬ್ರಷ್ ಹಾಕಿ ತೊಳೆದರೆ ಮುಗಿಯಿತು.

ಕಿಟ್‌ನಲ್ಲಿ ವಾಲ್ವ್, ಸ್ಪ್ರಿಂಗ್, ಓ ರಿಂಗ್, ತಾಮ್ರದ ವಾಷರ್ ಬರುತ್ತೆ. ವಾಲ್ವ್ ಕೂರುವ ಜಾಗದಲ್ಲಿ ಗೀರು ಬಿದ್ದಿದ್ದರೆ ಅಥವಾ ರಾಡ್ ಅಲುಗಾಡುತ್ತಿದ್ದರೆ ಕಿಟ್ ಹಾಕುವುದು ದಂಡ, ಹೊಸ ಪಂಪೇ ತರಬೇಕು. ನನ್ನದು ರಾಡ್ ಸವೆದಿತ್ತು, ಹೊಸದೇ ತಂದೆ. ಹಳೇದನ್ನು ಪಕ್ಕದಲ್ಲಿಟ್ಟು ರಾಡಿನ ಉದ್ದ, ಪೈಪ್ ಬರುವ ದಿಕ್ಕು ನೋಡಿಕೊಂಡು ತನ್ನಿ. ಪ್ರೈಮರ್ ಗುಬ್ಬಿಯ ಥ್ರೆಡ್ ಕೊನೆವರೆಗೂ ತಿರುಗಿ ಬಿಗಿಯಾಗುತ್ತಾ ಅಂತ ಅಂಗಡಿಯಲ್ಲೇ ನೋಡಿ, ಅಲ್ಲಿಂದಲೂ ಗಾಳಿ ಹೋಗುತ್ತೆ.

ಇದನ್ನೆಲ್ಲ ಪತ್ತೆ ಮಾಡಲು ಎಲೆಕ್ಟ್ರಿಕ್ ಪಂಪ್ ಬೇಕಾಗಿಯೂ ಇಲ್ಲ. ಫೀಡ್ ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪ್ ಹಾಕಿ ಗುಳ್ಳೆ ಬರುತ್ತಾ ನೋಡಿ. ಗುಳ್ಳೆ ಇದ್ದರೆ ಪಂಪಿನ ಪೈಪನ್ನು ಟ್ಯಾಂಕಿನ ಬದಲು ಶುದ್ಧ ಡೀಸೆಲ್ ಇರುವ ಕ್ಯಾನಿಗೆ ಇಳಿಸಿ. ಆಗ ಗುಳ್ಳೆ ನಿಂತರೆ ತೊಂದರೆ ಟ್ಯಾಂಕಿನಿಂದ ಬರುವ ದಾರಿಯಲ್ಲಿದೆ. ಆಮೇಲೆ ಒಂದೊಂದೇ ಜಾಯಿಂಟಿಗೆ ದಪ್ಪಗೆ ಗ್ರೀಸ್ ಮೆತ್ತುತ್ತಾ ಹೋಗಿ. ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಲ್ಲುತ್ತೋ ಅಲ್ಲೇ ತೂತು.

ನನ್ನ ಗಾಡಿ ದಿನಾ ಓಡಲ್ಲ, ಖರ್ಚು ಕೈ ಹಿಡಿದೇ ಮಾಡಬೇಕು, ವೈರಿಂಗ್‌ಗಿಂತ ಸ್ಪ್ಯಾನರ್ ಕೆಲಸ ನನಗೆ ಒಗ್ಗುತ್ತೆ. ಅದಕ್ಕೇ ಈ ಆಯ್ಕೆ. ಟ್ಯಾಂಕ್ ತುಂಬಾ ದೂರದಲ್ಲಿದೆ, ವಾರಗಟ್ಟಲೆ ನಿಂತೇ ಇರುತ್ತೆ ಅನ್ನುವವರು ಎಲೆಕ್ಟ್ರಿಕ್ ಹಾಕಿಸಿಕೊಳ್ಳಲಿ. ಹಾಕಿಸುವ ಮುಂಚೆ ಫೀಡ್ ಪಂಪಿನ ರಾಡ್ ಒಮ್ಮೆ ನೋಡಿಸಿ, ಹಾಕಿಸಿದ ಮೇಲೆ ಗಾಡಿ ತೆಗೆಯುವ ಮುಂಚೆ ದಿನಾ ಡಿಪ್‌ಸ್ಟಿಕ್ ಎಳೆದು ನೋಡಿ.