ಸಿ ಡ್ರೈವ್ ತುಂಬಿದಾಗ: ಅಳಿಸುವ ಸಾಧನವೇ, ತೋರಿಸುವ ಸಾಧನವೇ?

ನಮ್ಮ ಮನೆಯ ಕಂಪ್ಯೂಟರ್‌ನಲ್ಲಿರುವುದು 256 ಜಿಬಿಯ ಎಸ್‌ಎಸ್‌ಡಿ. ಸಿ ಡ್ರೈವಿನ ಪಟ್ಟಿ ಕೆಂಪಾದಾಗ ಡಿಸ್ಕ್ ಕ್ಲೀನಪ್, ಸ್ಟೋರೇಜ್ ಸೆನ್ಸ್, ವಿಜ್‌ಟ್ರೀ ಮೂರನ್ನೂ ಬಳಸಿ ನೋಡಿದೆ. ಬೇಡದ ಕಡತಗಳನ್ನು ಅಳಿಸುವ ಮೊದಲೆರಡು ವಿಂಡೋಸ್‌ನೊಳಗೇ ಇವೆ. ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ತೋರಿಸುವ ವಿಜ್‌ಟ್ರೀಯನ್ನು ಇಳಿಸಿಕೊಳ್ಳಬೇಕು, ಮನೆಬಳಕೆಗೆ ಅದು ಉಚಿತ.

ಡಿಸ್ಕ್ ಕ್ಲೀನಪ್ ಹಳೆಯದು, ಆದರೂ ಕೆಲಸಕ್ಕೆ ಬರುತ್ತದೆ. ತೆರೆದ ಕೂಡಲೇ ಅದು ತೋರಿಸುವ ಪಟ್ಟಿಯಲ್ಲಿ ಹುರುಳಿಲ್ಲ. ಸಿಸ್ಟಂ ಕಡತಗಳ ಗುಂಡಿಯನ್ನು ಒತ್ತಿದ ಮೇಲೆಯೇ ಹಳೆಯ ಅಪ್‌ಡೇಟ್‌ಗಳ ಉಳಿಕೆ, ಹಿಂದಿನ ವಿಂಡೋಸ್ ಆವೃತ್ತಿ ಇವೆಲ್ಲ ಕಾಣಿಸುತ್ತವೆ. ಹಿಂದಿನ ಆವೃತ್ತಿ ಸಾಮಾನ್ಯವಾಗಿ 10 ದಿನಗಳ ನಂತರ ತಾನಾಗಿಯೇ ಅಳಿಯುತ್ತದೆ. ಅಷ್ಟರೊಳಗೆ ಅದನ್ನು ತೆಗೆದರೆ ಹಳೆಯ ವಿಂಡೋಸ್‌ಗೆ ಮರಳುವ ದಾರಿ ಮುಚ್ಚುತ್ತದೆ. ಹೊಸ ಆವೃತ್ತಿಯಲ್ಲಿ ಪ್ರಿಂಟರ್ ಸಹಿತ ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಖಚಿತವಾಗುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ. ಇನ್ನೊಂದು ಎಚ್ಚರಿಕೆ: 2018ರ ವಿಂಡೋಸ್ 10ರ 1809 ಆವೃತ್ತಿಯಲ್ಲಿ ಈ ಪಟ್ಟಿಗೆ ಡೌನ್‌ಲೋಡ್ಸ್ ಫೋಲ್ಡರನ್ನೂ ಸೇರಿಸಿದ್ದರು. ಹಳೆಯ ಯಂತ್ರಗಳಲ್ಲಿ ಎಲ್ಲಕ್ಕೂ ಗುರುತು ಹಾಕುತ್ತ ಹೋಗುವವರು ಅಂಕಪಟ್ಟಿ, ಆಧಾರ್ ಪ್ರತಿ, ಕರೆಂಟ್ ಬಿಲ್ಲುಗಳನ್ನು ಕಳೆದುಕೊಳ್ಳಬಹುದು.

2017ರಲ್ಲಿ ಬಂದ ಸ್ಟೋರೇಜ್ ಸೆನ್ಸ್ ತಾನೇ ಕೆಲಸ ಮಾಡುತ್ತದೆ. ರೀಸೈಕಲ್ ಬಿನ್‌ನಲ್ಲಿ 30 ದಿನ ದಾಟಿದ್ದನ್ನು ಅಳಿಸಲು ಅದಕ್ಕೆ ಅನುಮತಿ ಕೊಟ್ಟಿದ್ದೇನೆ. ಡೌನ್‌ಲೋಡ್ಸ್ ವಿಷಯದಲ್ಲಿ ಮಾತ್ರ ‘ಎಂದಿಗೂ ಬೇಡ’ ಎಂದೇ ಇಟ್ಟಿದ್ದೇನೆ.

ಇಷ್ಟಾದರೂ ದೊಡ್ಡ ಜಾಗ ಎಲ್ಲಿ ಹೋಗಿದೆ ಎಂಬುದು ಈ ಎರಡರಿಂದ ತಿಳಿಯಲಿಲ್ಲ. ವಿಜ್‌ಟ್ರೀ ಅದನ್ನು ಕೆಲವೇ ಸೆಕೆಂಡುಗಳಲ್ಲಿ ತೋರಿಸಿತು. ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ) ಡಿಸ್ಕಿನಲ್ಲಿ ಪ್ರತಿ ಕಡತದ ವಿವರವನ್ನೂ ಹೊತ್ತಿರುವ ಒಂದು ಕೋಷ್ಟಕವಿರುತ್ತದೆ. ಫೋಲ್ಡರುಗಳನ್ನು ಒಂದೊಂದಾಗಿ ಸುತ್ತುವ ಬದಲು ವಿಜ್‌ಟ್ರೀ ನೇರವಾಗಿ ಅದನ್ನೇ ಓದುತ್ತದೆ. ನಮ್ಮ ಯಂತ್ರದಲ್ಲಿ ಜಾಗ ನುಂಗಿದ್ದು ಮದುವೆಯ ವಿಡಿಯೊಗಳು, ಎಂದೋ ಮಾರಿದ ಫೋನಿನ ಬ್ಯಾಕಪ್ ಮತ್ತು ಹೈಬರ್ನೇಷನ್ ಕಡತ, ಅಂದರೆ ಕಂಪ್ಯೂಟರನ್ನು ಮಲಗಿಸುವಾಗ ತೆರೆದಿದ್ದ ಕೆಲಸವನ್ನು ಉಳಿಸಿಡುವ ಕಡತ. ಈ ಕೊನೆಯದು ರ‍್ಯಾಮ್ ಹೆಚ್ಚಿದಷ್ಟೂ ಹಿಗ್ಗುತ್ತದೆ. ಅದನ್ನು ಕೈಯಿಂದ ಅಳಿಸಬಾರದು, ಹೈಬರ್ನೇಷನ್ ಸೌಲಭ್ಯವನ್ನೇ ನಿಲ್ಲಿಸಬೇಕು. ಆಗ ಬೇಗ ಆರಂಭವಾಗುವ ಸೌಲಭ್ಯವೂ ಇಲ್ಲವಾಗುತ್ತದೆ.

ವಿಂಡೋಸ್ ಫೋಲ್ಡರಿನೊಳಗೆ ವಿಂಡೋಸ್‌ನ ಬಿಡಿಭಾಗಗಳನ್ನು ಇಟ್ಟಿರುವ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ಕಂಡು ಗಾಬರಿಯಾಗುವವರು ಬಹಳ. ಒಂದೇ ಕಡತ ಎರಡು ಕಡೆ ಲೆಕ್ಕಕ್ಕೆ ಸಿಗುವುದರಿಂದ ಅದು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ಕೈ ಹಾಕಿದರೆ ವಿಂಡೋಸ್ ಏಳದೆ ಹೋಗಬಹುದು.

ರಿಜಿಸ್ಟ್ರಿ (ವಿಂಡೋಸ್‌ನ ಸೆಟ್ಟಿಂಗ್‌ಗಳ ಕಣಜ) ಶುಚಿಗೊಳಿಸುತ್ತೇವೆ ಎನ್ನುವ ತಂತ್ರಾಂಶಗಳನ್ನು ಈ ಪರೀಕ್ಷೆಗೆ ಸೇರಿಸಿಕೊಳ್ಳಲೇ ಇಲ್ಲ. ರಿಜಿಸ್ಟ್ರಿಯಿಂದ ಸಿಗುವ ಜಾಗ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ, ಕೆಡುವ ಅಪಾಯ ಮಾತ್ರ ನಿಜ. 2017ರಲ್ಲಿ ಅಂಥದೇ ತಂತ್ರಾಂಶವಾದ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದುಷ್ಕರ್ಮಿಗಳು ಕುತಂತ್ರಾಂಶ ತೂರಿಸಿದ್ದರು ಎಂಬುದನ್ನೂ ನಾನು ಮರೆತಿಲ್ಲ.

ನನ್ನ ಆಯ್ಕೆ ವಿಜ್‌ಟ್ರೀಯೇ. ಮೊದಲು ಅದರಿಂದ ನೋಡಿ, ವಿಂಡೋಸ್‌ಗೆ ಸೇರಿದ ಕಸವನ್ನು ಡಿಸ್ಕ್ ಕ್ಲೀನಪ್‌ಗೆ ಬಿಡುತ್ತೇನೆ. ಮನೆಯವರ ಫೋಟೊ, ವಿಡಿಯೊಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ, ಅಲ್ಲಿ ತೆರೆದು ನೋಡಿದ ಮೇಲಷ್ಟೇ ಇಲ್ಲಿಂದ ತೆಗೆಯುತ್ತೇನೆ. ಒನ್‌ಡ್ರೈವ್ ಫೋಲ್ಡರಿನಲ್ಲಿ ಮಾತ್ರ ಡಿಲೀಟ್ ಒತ್ತಬೇಡಿ, ಕ್ಲೌಡ್‌ನಲ್ಲಿರುವ ಪ್ರತಿಯೂ ಅಳಿಯುತ್ತದೆ. ಬಲ ಗುಂಡಿ ಒತ್ತಿದಾಗ ಬರುವ ‘ಫ್ರೀ ಅಪ್ ಸ್ಪೇಸ್’ ಆಯ್ಕೆ ಕಂಪ್ಯೂಟರಿನ ಜಾಗವನ್ನಷ್ಟೇ ಬಿಡಿಸುತ್ತದೆ.